ಜೊತೆಗಿದ್ದವನ ಹೆಸರು

ಲಾಂಝೌ, ೧೧ ಅಕ್ಟೋಬರ್ ೧೯೯೮

ಪ್ರೀತಿಯ ದಿದಿ,

ದಶೈಂ ಹಬ್ಬದ ತಿಲಕ ನಿನ್ನ ಕೈಯಿಂದ ನನ್ನ ಹಣೆಗೆ ಬೀಳದೆ ಇದು ಎರಡನೆಯ ವರ್ಷ. ಇಲ್ಲಿಯ ಹಬ್ಬದ ಕಥೆ ಕೇಳು. ನಾವು ನೇಪಾಳದವರು ಚೀನಾದ ಈ ವೈದ್ಯಕೀಯ ಕಾಲೇಜಿನಲ್ಲಿ ಐದು ಜನ. ನಾಲ್ವರು ಹುಡುಗರು, ನಾನೊಬ್ಬಳು ಹುಡುಗಿ. ಅಂದಮೇಲೆ ಒಲೆಯ ಮುಂದೆ ಯಾರು ನಿಲ್ಲಬೇಕು ಅಂತ ನಿನಗೆ ಹೇಳಬೇಕಾಗಿಲ್ಲ. ಹಬ್ಬ ಶುರುವಾದ ದಿನದಿಂದ ಸೇಲ್ ರೊಟ್ಟಿ ಕರಿದೂ ಕರಿದೂ ನನ್ನ ಕೂದಲೆಲ್ಲ ಎಣ್ಣೆ ನಾತ. ಅವರು ಮಂಚದ ಮೇಲೆ ಕಾಲು ಚಾಚಿಕೊಂಡು ಇಸ್ಪೀಟು.

ಹೋದ ಸೋಮವಾರ ಕೋಜಾಗ್ರತ ಹುಣ್ಣಿಮೆ. ಇಲ್ಲಿಯವರಿಗೂ ಅದೇ ಹುಣ್ಣಿಮೆ ದೊಡ್ಡ ಹಬ್ಬ. ಸಂಜೆ ನಾನು ಖೀರು ಕಲಕುತ್ತಿದ್ದೆ. ಗುಲ್ಮಿಯ ಹೋಮನಾಥ ಪಂಥಿ ಅಂತ ಒಬ್ಬ ಇದ್ದಾನೆ, ಐದನೇ ವರ್ಷದವನು, ನಮ್ಮೆಲ್ಲರಿಗೂ ತಾನೇ ಯಜಮಾನ ಅಂದುಕೊಂಡವನು. ಇಸ್ಪೀಟಿನ ಎಲೆ ಎಸೆಯುತ್ತಲೇ ಕೂಗಿದ: "ತಂಗೀ, ಖೀರು ತಳ ಹಿಡಿಸಬೇಡ ಮಾರಾಯ್ತಿ. ನಾಳೆ ನಿನ್ನ ಗಂಡ ತವರಿಗೆ ಅಟ್ಟಿದರೆ ನಮ್ಮನ್ನ ಬೈಕೋಬೇಡ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾತ್ರೆ ತೊಳೆದು ತರುತ್ತೇನೆ ಅಂತ ಹೇಳಿ ಹೊರಬಂದೆ, ಕೋಟು ಹಾಕಿಕೊಂಡೆ, ಮೆಟ್ಟಿಲಿಳಿದು ನಡೆದೇಬಿಟ್ಟೆ.

ಎಲ್ಲಿಗೆ ಅಂತ ನನಗೇ ಗೊತ್ತಿರಲಿಲ್ಲ ದಿದಿ. ನಮ್ಮೂರು ತಾನ್‌ಸೇನಿನಲ್ಲಿ ಮನೆಯಿಂದ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಹೊಸ್ತಿಲಿಗೊಬ್ಬರು "ಎಲ್ಲಿಗೆ ಕಾನ್ಛಿ? ಯಾರ ಜೊತೆ?" ಅನ್ನುತ್ತಾರೆ. ಇಲ್ಲಿ ಒಂದು ನರಪಿಳ್ಳೆಯೂ ಕೇಳಲಿಲ್ಲ. ಹಳದಿ ನದಿಯ ಮೇಲೆ ಕಬ್ಬಿಣದ ಸೇತುವೆ ಇದೆ, ಅದರ ತುಂಬ ಜನ, ಮಕ್ಕಳ ಕೈಯಲ್ಲಿ ಕಾಗದದ ದೀಪ. ಆಚೆ ದಡದಲ್ಲಿ ತಳ್ಳುಗಾಡಿಯ ಹೆಂಗಸೊಬ್ಬಳು ಬಿಸಿ ಹಾಲಿಗೆ ಮೊಟ್ಟೆ, ದ್ರಾಕ್ಷಿ, ಹುಳಿ ಬಂದ ಅನ್ನ ಹಾಕಿ ಕುದಿಸಿ ಕೊಡುತ್ತಿದ್ದಳು. ವಾಸನೆ ಥೇಟು ನಮ್ಮ ಕಡೆಯ ಅನ್ನದ ಹೆಂಡದ್ದು, ಜಾಂಡ್‌ನದ್ದು. ನಮ್ಮ ಸೋದರತ್ತೆ ಫುಪುಗೆ ಹೇಳಬೇಡ.

"ಒಬ್ಬಳೇನಾ?" ಅಂದಳು.

"ಒಬ್ಬಳೇ."

"ಹಬ್ಬದ ದಿನ ಒಬ್ಬಳೇ ತಿಂದ್ರೆ ಹೊಟ್ಟೆ ತುಂಬಲ್ಲ ಕಣೇ ಹುಡುಗಿ," ಅಂತ ಇನ್ನೊಂದು ಹಿಡಿ ದ್ರಾಕ್ಷಿ ಹಾಕಿದಳು. ನಾನು ಎರಡು ಬಟ್ಟಲು ಕುಡಿದೆ.

ಹೊತ್ತು ಹೋದದ್ದು ತಿಳಿಯಲಿಲ್ಲ. ವಾಪಸು ಬಂದಾಗ ಹಾಸ್ಟೆಲ್ ಗೇಟಿಗೆ ಬೀಗ. ಎಬ್ಬಿಸಬಹುದಾಗಿತ್ತು. ಎಬ್ಬಿಸಲಿಲ್ಲ. ಈ ರಾತ್ರಿ ಲಕ್ಷ್ಮಿ ಮನೆಮನೆಗೆ ಬಂದು ಯಾರು ಎಚ್ಚರವಾಗಿದ್ದೀರಿ ಅಂತ ಕೇಳುತ್ತಾಳೆ ಎಂದು ಆಮಾ ನಮ್ಮನ್ನು ಚಿವುಟಿ ಚಿವುಟಿ ಕೂರಿಸುತ್ತಿದ್ದಳಲ್ಲ? ಸರಿ, ಎಚ್ಚರವಾಗಿಯೇ ಇರೋಣ ಅಂತ ಮತ್ತೆ ನದಿಯ ದಡಕ್ಕೆ ಹೋಗಿ ಕಲ್ಲಿನ ಮೆಟ್ಟಿಲ ಮೇಲೆ ಕೂತೆ. ಗಟ್ಟಿಯಾಗಿ ಹಾಡಿಕೊಂಡೆ. ನನ್ನ ಗಂಟಲು ಎಷ್ಟು ಕರ್ಕಶ ಅಂತ ನಿನಗೆ ಗೊತ್ತು, ಆದರೆ ನದಿ ಎದ್ದು ಹೋಗಲಿಲ್ಲ. ಬೆಳಗಿನ ಜಾವ ಶಾವಿಗೆ ಅಂಗಡಿಯವನು ಬಾಗಿಲು ತೆಗೆದಾಗ ಒಳಗೆ ಹೋಗಿ ಕೈ ಕಾಯಿಸಿಕೊಂಡೆ.

ಗೇಟು ಕಾಯುವ ಹೆಂಗಸು, ನಾವೆಲ್ಲ ಮಾ ಚಿಕ್ಕಮ್ಮ ಅನ್ನುವವಳು, ಹಿಡಿದುಕೊಂಡಳು. "ಯಾರೇ ಅವನು?"

"ಯಾರೂ ಇಲ್ಲ ಚಿಕ್ಕಮ್ಮಾ."

"ಹೋಗೇ! ಯಾರೂ ಇಲ್ಲದೆ ಯಾವ ಹುಡುಗಿ ರಾತ್ರಿಯೆಲ್ಲ ಹೊರಗಿರ್ತಾಳೆ? ನಾನೂ ಒಂದು ಕಾಲಕ್ಕೆ ಹುಡುಗಿಯಾಗಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ದಿದಿ, ನಿನ್ನ ಹತ್ತಿರ ಹೇಳಿಕೊಳ್ಳದೆ ಇರಲಾರೆ. ನನಗೆ ಆ ರಾತ್ರಿ ಒಂದಿಷ್ಟೂ ಭಯವಾಗಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಸಂತೋಷವಾಗಿದ್ದ ನೆನಪಿಲ್ಲ. ಬಾಗೂ ಆಮಾಗೂ, ಅಪ್ಪ ಅಮ್ಮ ಇಬ್ಬರಿಗೂ, ನಮಸ್ಕಾರ ಹೇಳು.

ನಿನ್ನ ಕಿರಿಯವಳು, ಕಾನ್ಛಿ
ಸಾವಿತ್ರಾ

*

ತಾನ್‌ಸೇನ್, ಪಾಲ್ಪಾ
ವಿಕ್ರಮ ಸಂವತ್ ೨೦೫೫, ಕಾರ್ತಿಕ ೧೬

ಕಾನ್ಛಿ,

ಆಶೀರ್ವಾದ. ನಿನ್ನ ಪತ್ರ ಶನಿವಾರ ಸಿಕ್ಕಿತು. ನಮ್ಮಲ್ಲಿ ಹೊರದೇಶದ ಪತ್ರ ಬಂದರೆ ಅಂಗಳದಲ್ಲಿ ಎಲ್ಲರ ಮುಂದೆ ಒಡೆದು ಓದುತ್ತಾರೆ ಅನ್ನುವುದು ನಿನಗೆ ಮರೆತೇ ಹೋಯಿತಾ? ಬಾನ ಕಣ್ಣಿಗೆ ಪೊರೆ ಬಂದಮೇಲೆ ಓದುವವಳು ನಾನೇ. ಗಂಡನ ಮನೆಯಿಂದ ಅದಕ್ಕೆಂದೇ ಕರೆಸಿಕೊಳ್ಳುತ್ತಾರೆ. ಮೊದಲೇ ಒಡೆದು ನೋಡಿದರೆ ಫುಪು "ಏನೋ ಮುಚ್ಚಿಡ್ತಾಳೆ" ಅನ್ನುತ್ತಾಳೆ. ಹಾಗಾಗಿ ಲಕೋಟೆ ಹರಿದೆ, ಓದಿದೆ. ಕೇಳುತ್ತಾ ಕೂತವರು ಬಾ, ಆಮಾ, ಫುಪು, ನನ್ನ ಗಂಡ ಅಂದರೆ ನಿನ್ನ ಭಿನಾಜು, ಪಕ್ಕದ ಮನೆಯ ಇಬ್ಬರು.

"ನಡೆದೇಬಿಟ್ಟೆ" ಅನ್ನುವವರೆಗೆ ಎಲ್ಲರೂ ನಗುತ್ತಿದ್ದರು. ಮುಂದಿನ ಸಾಲು ಕಣ್ಣಿಗೆ ಬಿದ್ದಾಗ ಹಾರಿಸಿ ಓದುವಷ್ಟು ಜಾಣತನ ನನಗೆ ಬರಲಿಲ್ಲ ಕಣೇ. ನಿಲ್ಲಿಸಿದರೆ ಇನ್ನೂ ಅನುಮಾನ. ಓದುತ್ತಲೇ ಹೋದೆ, ಜಾಂಡ್ ವಾಸನೆಯ ಹಾಲಿನವರೆಗೂ, ಬೀಗದವರೆಗೂ, ಬೆಳಗಿನವರೆಗೂ.

ಫುಪು ಮೊದಲು ಬಾಯಿ ತೆಗೆದಳು: "ಒಬ್ಬಳೇ ಅಂತೆ! ಅಯ್ಯೋ ಶಿವನೇ, ನಾನು ಗಂಡ ಸತ್ತ ಮೇಲೂ ಒಬ್ಬಳೇ ಕಕ್ಕಸಿಗೆ ಹೋಗಿಲ್ಲ. ಒಬ್ಬಳೇ ಅಂತೆ!" ಭಿನಾಜು ಆಕಳಿಸಿ "ಆ ಗೇಟಿನ ಹೆಂಗಸೇ ಹೇಳಿದ್ದಾಳಲ್ಲ, ಇನ್ನೇನು ಸಾಕ್ಷಿ ಬೇಕು" ಅಂದರು. ಬಾ ಎದ್ದು ಒಳಗೆ ಹೋದರು. ಆಮಾ ಮಾತ್ರ "ಅಲ್ಲಿ ಚಳಿ ಜಾಸ್ತಿ ಅಲ್ವೇನೇ, ಶಾಲು ಹೊದ್ದಿದ್ದಳಾ?" ಅಂತ ಕೇಳಿದಳು.

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ. ನೀನು ಹೆಂಡದ ವಾಸನೆಯನ್ನೂ ಬಾಯಾರೆ ಹೇಳಿಕೊಂಡೆ! ನಿನ್ನನ್ನು ಕಳಿಸಲು ಬಾ ಒಪ್ಪದಿದ್ದಾಗ, ಅವಳ ನಡತೆಗೆ ನಾನು ಜವಾಬ್ದಾರಿ ಅಂತ ಕಾಲು ಹಿಡಿದವಳು ನಾನು. ಅದನ್ನಾದರೂ ನೆನೆ. ಈಗ ಸುತ್ತಿಬಳಸದೆ ಬರಿ. ಯಾರಿದ್ದರು ನಿನ್ನ ಜೊತೆ? ಈ ಸಲ ಉತ್ತರವನ್ನು ನನ್ನ ಗಂಡನ ಮನೆಯ ವಿಳಾಸಕ್ಕೆ ಹಾಕು.

ದಿದಿ

*

ಲಾಂಝೌ, ೧೯ ನವೆಂಬರ್ ೧೯೯೮

ದಿದಿ,

ಯಾರೂ ಇರಲಿಲ್ಲ.

ಇನ್ನೇನು ಬರೆಯಲಿ? ಯಾರ ಜೊತೆಗೋ ಹೋಗಿದ್ದರೆ ನಾಲ್ಕು ಪುಟ ಬರೆದು ಮನೆಗೆ ಕಳಿಸುತ್ತಿದ್ದೆನಾ? ಕದಿಯುವವಳು ಡಂಗುರ ಹೊಡೆದುಕೊಂಡು ಹೋಗುತ್ತಾಳಾ? ಫುಪುಗೆ ಅಷ್ಟು ಬುದ್ಧಿ ಇಲ್ಲ, ಬಿಡು. ಭಿನಾಜು ತಮ್ಮ ಬುದ್ಧಿಯನ್ನೆಲ್ಲ ಆಕಳಿಸುವುದಕ್ಕೇ ಖರ್ಚು ಮಾಡುತ್ತಾರೆ. ಆದರೆ ನೀನು? ಒಂದೇ ಹೊದಿಕೆಯಲ್ಲಿ ನನ್ನ ಜೊತೆ ಮಲಗಿ ಬೆಳೆದವಳು ನೀನು. ನಾನು ಸುಳ್ಳು ಹೇಳಿದರೆ ನನ್ನ ಮೂಗು ಬೆವರುತ್ತದೆ ಅಂತ ಊರಿಗೆಲ್ಲ ಹೇಳಿ ನಗಿಸುತ್ತಿದ್ದವಳು.

ನನಗೆ ಸಿಟ್ಟು ಬಂದಿದೆ, ಅಳುವೂ ಬಂದಿದೆ. ಆ ಒಂದು ರಾತ್ರಿಯನ್ನು ನಾನು ಎಷ್ಟು ಜೋಪಾನ ಮಾಡಿದ್ದೆ ಗೊತ್ತಾ? ಇಲ್ಲಿ ಹೆಣ ಕೊಯ್ಯುವ ಮೇಜಿನ ಮುಂದೆ ಹುಡುಗರು ತಲೆ ತಿರುಗಿ ಬೀಳುತ್ತಾರೆ, ನಾನು ಬೀಳುವುದಿಲ್ಲ. ಮೊದಲ ವರ್ಷ ತರಗತಿಗೇ ಎರಡನೆಯವಳಾದೆ, ಚೀನೀಯರನ್ನೂ ಸೇರಿಸಿ. ಆ ಫಲಿತಾಂಶದ ಪತ್ರವನ್ನು ಅಂಗಳದಲ್ಲಿ ಓದಿದಾಗ ಯಾರಾದರೂ ಮಾತಾಡಿದರಾ? ನೀನು ಬರೆಯಲಿಲ್ಲ.

ಬಾ ನಂಬದಿದ್ದರೆ ಬೇಡ. ಊರು ನಂಬದಿದ್ದರೆ ಹಾಳಾಗಿ ಹೋಗಲಿ. ನೀನೊಬ್ಬಳು ನಂಬು, ಉಳಿದದ್ದನ್ನು ತಡೆದುಕೊಳ್ಳುತ್ತೇನೆ.

ಸಾವಿತ್ರಾ

*

ತಾನ್‌ಸೇನ್, ಮಾರ್ಗಶಿರ ೧೯

ಕಾನ್ಛಿ,

ನಿನ್ನ ಪತ್ರ ನನ್ನ ಕೈಗೇ ಬಂತು. ಓದಿ ಅಕ್ಕಿಯ ಡಬ್ಬದಲ್ಲಿಟ್ಟಿದ್ದೇನೆ.

ನಂಬುವುದು ಬಿಡುವುದು ಆಮೇಲಿನ ಮಾತು. ಇಲ್ಲಿಯ ಸ್ಥಿತಿ ಕೇಳು. ಹೆಸರಿಲ್ಲದ ಜಾಗದಲ್ಲಿ ಊರಿನವರು ತಮಗೆ ಬೇಕಾದ ಹೆಸರು ಇಟ್ಟುಕೊಳ್ಳುತ್ತಿದ್ದಾರೆ. ಬಜಾರದಲ್ಲಿ ಅವನು ಚೀನೀಯವನು. ದೇವಸ್ಥಾನದ ಕಟ್ಟೆಯಲ್ಲಿ ಹೆಂಡತಿ ಇರುವ ಮೇಷ್ಟ್ರು. ನಲ್ಲಿಯ ಹತ್ತಿರ ನಿನಗೆ ಆಗಲೇ ಮೂರು ತಿಂಗಳು. ನನ್ನ ಅತ್ತೆ ನನ್ನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು "ನೀನು ನಿಮ್ಮ ಚಿಕ್ಕಮ್ಮನ ಹಾಗೆ ಆಗಬೇಡ ನನ್ನವ್ವ" ಅಂತ ನನಗೆ ಕೇಳುವ ಹಾಗೆ ಹೇಳುತ್ತಾರೆ. ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ.

ಬಾ ಮೊನ್ನೆ ಮಾತಾಡಿದರು. ಚಳಿಗಾಲದ ರಜೆಗೆ ನೀನು ಬರಬೇಕು, ಮತ್ತೆ ಹೋಗುವ ಹಾಗಿಲ್ಲ. "ಓದು ಸಾಕು. ಮಾನ ಹೋದಮೇಲೆ ಡಾಕ್ಟರಾಗಿ ಯಾರ ನಾಡಿ ಹಿಡೀತಾಳೆ?" ಅಂದರು. ನಾನು ಎದುರು ಮಾತಾಡಿದೆ. "ಜವಾಬ್ದಾರಿ ಹೊತ್ತವಳು ನೀನು, ಬಾಯಿ ಮುಚ್ಚು" ಅಂದರು.

ಅವರನ್ನು ಕೊಲ್ಲುತ್ತಿರುವುದು ನಿನ್ನ ಆ "ಯಾರೂ ಇಲ್ಲ" ಅನ್ನುವ ಮಾತು. ಒಂದು ಹೆಸರಿದ್ದರೆ ಅದನ್ನು ಹಿಡಿದು ಏನಾದರೂ ಮಾಡಬಹುದು. ನಿನ್ನ ಮೊದಲ ಪತ್ರದಲ್ಲಿ ಇದ್ದದ್ದು ಒಬ್ಬನೇ ಗಂಡಸಿನ ಹೆಸರು. ಗುಲ್ಮಿಯ ಪಂಥಿಗಳ ಮಗನಾ? ನಮ್ಮದೇ ಜಾತಿ, ಗೋತ್ರ ಮಾತ್ರ ಬೇರೆ, ಒಳ್ಳೆಯ ಮನೆ. ಹೌದಾದರೆ ಹೌದು ಅನ್ನು. ಬಾನನ್ನು ಒಪ್ಪಿಸುವುದು ನನ್ನ ಪಾಲಿಗಿರಲಿ. ನಿನ್ನ ಓದೂ ಉಳಿಯುತ್ತದೆ. ಯೋಚನೆ ಮಾಡು, ಹಟ ಮಾಡಬೇಡ.

ದಿದಿ

*

ಲಾಂಝೌ, ೧೭ ಡಿಸೆಂಬರ್ ೧೯೯೮

ಹೌದು ದಿದಿ. ಹೋಮನಾಥನೇ. ಕೈ ಕೈ ಹಿಡಿದುಕೊಂಡು ಸೇತುವೆಯ ಮೇಲೆ ಓಡಾಡಿದೆವು. ಅವನು ಆಕಾಶಕ್ಕೆ ಏಣಿ ಹಾಕಿ ಚಂದ್ರನನ್ನು ಬಿಚ್ಚಿ ತಂದು ನನ್ನ ಕೋಟಿನ ಜೇಬಿಗೆ ಹಾಕಿದ. ಈಗ ಎಲ್ಲರ ಹೊಟ್ಟೆ ತಣ್ಣಗಾಯಿತಾ? ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದು.

ಸಾವಿತ್ರಾ

*

ತಾನ್‌ಸೇನ್, ಪುಷ್ಯ ೨೦

ನನ್ನ ಮುದ್ದು ಕಾನ್ಛಿ,

ಓದಿದೆ. ಗಟ್ಟಿಯಾಗಿಯೇ ಓದಿದೆ. ಚಂದ್ರನ ಮಾತು ಬಿಟ್ಟೆ, ಹಿರಿಯರ ಮುಂದೆ ಅದೆಲ್ಲ ಯಾಕೆ ಅಂತ.

ಬಾ "ಪಂಥಿಗಳಾ? ಯಾವ ಪಂಥಿಗಳು?" ಅಂದರು. ಆ ಒಂದು ಪ್ರಶ್ನೆ ಕೇಳಿದಾಗಲೇ ನನಗೆ ಹೋದ ಜೀವ ಬಂತು. ಮಾರನೆಯ ದಿನವೇ ಭಿನಾಜು ಬಸ್ಸು ಹತ್ತಿ ಗುಲ್ಮಿಗೆ ಹೋದರು. ಆಕಳಿಸದೆ ಹೋದರು, ನಂಬುತ್ತೀಯಾ? ಹುಡುಗನ ಅಪ್ಪ ಮೊದಲು ಹಾರಾಡಿದರಂತೆ. ಆಮೇಲೆ ಫೋನು ಮಾಡಿ ಮಗನನ್ನೇ ಕೇಳಿದರಂತೆ: "ಏನೋ, ಹುಣ್ಣಿಮೆ ರಾತ್ರಿ ತಾನ್‌ಸೇನಿನ ಭುಸಾಲರ ಹುಡುಗಿ ಜೊತೆ ಇದ್ದದ್ದು ನೀನೇನಾ?" ಅವನು ಸ್ವಲ್ಪ ತಡೆದು ಹೌದು ಅಂದನಂತೆ. ಎಂಥ ಮರ್ಯಾದಸ್ಥ ಹುಡುಗ ನೋಡು! ಬೇರೆಯವನಾಗಿದ್ದರೆ ನುಣುಚಿಕೊಳ್ಳುತ್ತಿದ್ದ.

ಜಾತಕ ತೋರಿಸಿ ಆಯಿತು, ಕೂಡಿ ಬಂದಿದೆ. ಪುಷ್ಯದಲ್ಲಿ ಲಗ್ನವಿಲ್ಲ, ಫಾಲ್ಗುಣದ ಮೊದಲ ವಾರಕ್ಕೆ ಇಟ್ಟಿದ್ದಾರೆ. ಮದುವೆಯಾದಮೇಲೆ ಇಬ್ಬರೂ ಜೊತೆಯಲ್ಲೇ ವಾಪಸು ಹೋಗಿ ಓದು ಮುಗಿಸಬಹುದು, ಇದಕ್ಕೆ ಬಾ ಬಾಯಿಬಿಟ್ಟು ಒಪ್ಪಿದ್ದಾರೆ. ಅದೇ ಫುಪು ಈಗ "ನಮ್ಮ ಕಾನ್ಛಿ ಡಾಕ್ಟರು, ಅಳಿಯನೂ ಡಾಕ್ಟರು" ಅಂತ ಬಜಾರದಲ್ಲಿ ಹೇಳಿಕೊಂಡು ಬರುತ್ತಿದ್ದಾಳೆ. ನಲ್ಲಿಯ ಹತ್ತಿರ ನಿನ್ನ ಬಸುರು ಇಳಿದುಹೋಯಿತು! ಆಮಾ ಕೆಂಪು ಸೀರೆ ತೆಗೆಸಿದ್ದಾಳೆ.

ಮೊದಲೇ ಹೇಳಿಬಿಟ್ಟಿದ್ದರೆ ನನಗೆ ಇಷ್ಟು ದಿನ ಉರಿ ತಪ್ಪುತ್ತಿತ್ತಲ್ಲೇ ಹುಚ್ಚಿ. ನನ್ನ ಹತ್ತಿರ ಯಾಕೆ ಮುಚ್ಚಿಟ್ಟೆ?

ನಿನ್ನ ದಿದಿ

*

ಲಾಂಝೌ, ೧೬ ಜನವರಿ ೧೯೯೯

ದಿದಿ,

ನಾನು ಸಿಟ್ಟಿನಲ್ಲಿ ಬರೆದದ್ದು ಅದು! ಚಂದ್ರನನ್ನು ಜೇಬಿಗೆ ಹಾಕಿದ ಅಂತ ಬರೆದರೂ ನಿಜ ಅಂದುಕೊಂಡೆಯಾ? ಇಲ್ಲ, ನೀನು ಅಂದುಕೊಳ್ಳಲಿಲ್ಲ. ಅದಕ್ಕೇ ಆ ಸಾಲನ್ನು ಬಿಟ್ಟು ಓದಿದೆ. ಹಾರಿಸಿ ಓದುವುದನ್ನು ಈಗ ಚೆನ್ನಾಗಿ ಕಲಿತಿದ್ದೀಯ.

ನಿನ್ನ ಪತ್ರ ಹಿಡಿದುಕೊಂಡು ನೇರ ಹೋಮನಾಥನ ಕೋಣೆಗೆ ಹೋದೆ. ಅವನು ಮೊಳೆಗೆ ಕನ್ನಡಿ ಸಿಕ್ಕಿಸಿ ಗಡ್ಡ ಕೆರೆಯುತ್ತಿದ್ದ.

"ಹೌದು ಅಂತ ಯಾಕೆ ಅಂದ್ರಿ? ನೀವು ಎಲ್ಲಿದ್ರಿ ಆ ರಾತ್ರಿ? ನನ್ನ ಖೀರು ತಿಂದು ಮಲಗಿದ್ರಿ!"

"ಮೊದಲು ನನ್ನ ಹೆಸರು ಹೇಳಿದ್ದು ಯಾರು, ನಾನಾ ನೀನಾ?" ಅಂದ. ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ ಅಂದಿದ್ರೆ ನಿನ್ನ ಗತಿ ಏನಾಗ್ತಿತ್ತು ಯೋಚಿಸಿದ್ದೀಯಾ? ನಿನ್ನ ಮಾನ ಉಳಿಸಿದೆ. ಅದಕ್ಕೆ ಈ ಕೂಗಾಟಾನಾ?"

"ಹೋದ ವಾರದವರೆಗೂ ತಂಗೀ ತಂಗೀ ಅಂತಿದ್ರಲ್ಲ?"

"ಇನ್ಮೇಲೆ ಅನ್ನಲ್ಲ," ಅಂದು ನಕ್ಕ.

ದಿದಿ, ಎಲ್ಲರಿಗೂ ನಿಜ ಹೇಳು. ನಾನು ಒಬ್ಬಳೇ ಇದ್ದೆ. ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ನೀನು ಹೇಳಬೇಕು. ಬಾಗೆ ಗೊತ್ತಾದರೆ ಓದು ನಿಲ್ಲುತ್ತದೆ ಅಂತ ನನಗೆ ಗೊತ್ತು. ಅದಕ್ಕೆ ಬೇರೆ ದಾರಿ ಹುಡುಕೋಣ, ಇಬ್ಬರೂ ಸೇರಿ ಬೇಡಿಕೊಳ್ಳೋಣ. ಆದರೆ ಈ ಮದುವೆ ಬೇಡ. ಕೂಡಲೇ ಉತ್ತರ ಬರಿ. ರಜೆ ಶುರುವಾಗುವುದರೊಳಗೆ ಬರಿ.

ಸಾವಿತ್ರಾ

*

ಲಾಂಝೌ, ೨೮ ಮಾರ್ಚ್ ೧೯೯೯

ದಿದಿ,

ಕ್ಷೇಮವಾಗಿ ತಲುಪಿದೆವು. ಆಮಾ ಕಟ್ಟಿಕೊಟ್ಟ ಉಪ್ಪಿನಕಾಯಿ ದಾರಿಯಲ್ಲಿ ಸ್ವಲ್ಪ ಚೆಲ್ಲಿತು. ನಮ್ಮವರು ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದಾರೆ. ನಾನು ತರಗತಿಗೆ ಹೋಗುತ್ತಿದ್ದೇನೆ. ಉಳಿದ ಹುಡುಗರು ಊಟಕ್ಕೆ ಇಲ್ಲಿಗೇ ಬರುತ್ತಾರೆ.

ಜನವರಿಯ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಅದು ಸಿಕ್ಕಿತಾ ಅಂತ ಮದುವೆಯ ಹಿಂದಿನ ದಿನ ನಿನ್ನನ್ನು ಕೇಳಿದೆ. ನೀನು ನನ್ನ ಕೂದಲು ಬಾಚುತ್ತಾ "ಒಲೆಗೆ ಹಾಕಿದೆ, ಸುಮ್ಮನೆ ಕೂತ್ಕೋ, ಬೈತಲೆ ವಾರೆಯಾಗುತ್ತೆ" ಅಂದೆ. ಅದರ ಬಗ್ಗೆ ನನಗೆ ಇನ್ನು ಮಾತು ಬೇಡ. ಬೇರೆ ಒಂದು ವಿಷಯಕ್ಕೆ ಬರೆಯುತ್ತಿದ್ದೇನೆ.

ನಾವು ಬಂದ ಮೊದಲ ವಾರದಲ್ಲೇ ಒಂದು ರಾತ್ರಿ ಅವರು ದೀಪ ಆರಿಸಿ ಬಹಳ ಮೆತ್ತಗೆ ಕೇಳಿದರು. "ಈಗ ನಾವು ಗಂಡ ಹೆಂಡ್ತಿ. ನಾನು ಸಿಟ್ಟು ಮಾಡ್ಕೊಳಲ್ಲ. ನಿಜ ಹೇಳು. ಆ ಹುಣ್ಣಿಮೆ ರಾತ್ರಿ ಯಾರ ಜೊತೆ ಹೋಗಿದ್ದೆ?"

ಇದು ನನಗೆ ಹೊಳೆದೇ ಇರಲಿಲ್ಲ ದಿದಿ. ಇಡೀ ಲೋಕದಲ್ಲಿ ಹೋಮನಾಥ ನನ್ನ ಜೊತೆ ಇರಲಿಲ್ಲ ಅಂತ ಖಂಡಿತ ಗೊತ್ತಿರುವ ಗಂಡಸು ಅವನೊಬ್ಬನೇ. ನೀವೆಲ್ಲ ಅವನ ಹೆಸರು ಕೇಳಿ ನೆಮ್ಮದಿಯಿಂದ ಮಲಗಿದಿರಿ. ಅವನು ಯಾರ ಹೆಸರು ಕೇಳಿ ಮಲಗಬೇಕು?

"ಒಬ್ಬಳೇ ಇದ್ದೆ" ಅಂದೆ. ಗೋಡೆಯ ಕಡೆ ತಿರುಗಿಕೊಂಡರು. ಮಾರನೆಯ ದಿನ ಮತ್ತೆ ಕೇಳಿದರು. ಆಮೇಲೆ ಮೆತ್ತಗೆ ಕೇಳುವುದು ನಿಂತಿತು. ಮಾ ಚಿಕ್ಕಮ್ಮನನ್ನು ಹೋಗಿ ವಿಚಾರಿಸಿದ್ದಾರೆ. ನನ್ನ ತರಗತಿಯ ಚೀನೀ ಹುಡುಗ ಪುಸ್ತಕ ಕೇಳಲು ಬಂದರೆ ಅವನ ಮುಖವನ್ನೇ ನೋಡುತ್ತಾರೆ, ನನ್ನ ಮುಖವನ್ನೂ ನೋಡುತ್ತಾರೆ. ಸಂಜೆಯಾದರೆ ಕೋಣೆಗೆ ಹೊರಗಿನಿಂದ ಬೀಗ ಹಾಕಿಕೊಂಡು ಇಸ್ಪೀಟಿಗೆ ಹೋಗುತ್ತಾರೆ. ಮೊನ್ನೆ "ಮಾನ ಉಳಿಸಿದವನಿಗೆ ಹೆಸರು ಹೇಳೋ ಋಣವೂ ಇಲ್ವಾ ನಿನಗೆ?" ಅಂತ ಕೂಗಿ ಕೈ ಎತ್ತಿದರು. ಎತ್ತಿದ್ದು ನನ್ನ ಕೆನ್ನೆಗೆ ಬಿತ್ತು.

ನಾನು ಓದು ಉಳಿಸಿಕೊಂಡೆ ಅಂತ ನೀನು ಹೇಳುತ್ತೀಯ. ಹೌದು, ಹಗಲು ಹೊತ್ತು ಓದುತ್ತಿದ್ದೇನೆ.

ಏನು ಮಾಡಲಿ ಹೇಳು. ಈ ಪತ್ರವನ್ನು ನಿನ್ನ ಗಂಡನ ಮನೆಗೇ ಹಾಕುತ್ತಿದ್ದೇನೆ. ಉತ್ತರವನ್ನು ಕಾಲೇಜಿನ ವಿಳಾಸಕ್ಕೆ ಬರಿ.

ಸಾವಿತ್ರಾ

*

ತಾನ್‌ಸೇನ್, ವಿಕ್ರಮ ಸಂವತ್ ೨೦೫೬, ವೈಶಾಖ ೪

ನನ್ನ ಕಾನ್ಛಿ,

ಹೊಸ ವರ್ಷದ ಆಶೀರ್ವಾದ. ನಿನ್ನ ಪತ್ರ ಓದಿ ಎರಡು ದಿನ ಊಟ ಬಿಟ್ಟೆ. ಭಿನಾಜು ಕೇಳಿದರು, ಹಲ್ಲುನೋವು ಅಂದೆ. ಬಾಗೆ ನಿಮ್ಮಿಬ್ಬರ ಕ್ಷೇಮ ಸಮಾಚಾರವನ್ನಷ್ಟೇ ಬಾಯಲ್ಲಿ ಹೇಳಿದ್ದೇನೆ. ಅವರ ಕಣ್ಣಿನ ಆಪರೇಷನ್ ಜ್ಯೇಷ್ಠದಲ್ಲಿ. ಈಗ ಅವರ ಮನಸ್ಸು ಕೆಡಿಸುವುದು ಬೇಡ.

ಬಿಟ್ಟು ಬಾ ಅಂತ ಬರೆಯುವ ಧೈರ್ಯ ನನಗಿಲ್ಲ. ಬಂದರೆ ಯಾವ ಮನೆಗೆ ಬರುತ್ತೀಯ? ಇದು ನನ್ನ ಅತ್ತೆಯ ಮನೆ. ತವರಲ್ಲಿ ಫುಪು ಇದ್ದಾಳೆ.

ಗಂಡಸರಿಗೆ ಈ ಹುಳ ಒಂದು ಸಲ ಹೊಕ್ಕರೆ ತಾನಾಗಿ ಹೋಗುವುದಿಲ್ಲ ಕಾನ್ಛಿ. ನನಗೆ ಗೊತ್ತಿದೆ, ಹೇಗೆ ಅಂತ ಕೇಳಬೇಡ. ಒಬ್ಬಳೇ ಒಬ್ಬಳೇ ಅಂತ ನೀನು ಹೇಳಿದಷ್ಟೂ ಅದು ಕೊರೆಯುತ್ತದೆ. ಒಂದು ಹೆಸರು ಹೇಳಿಬಿಡು. ಕೈಗೆ ಸಿಗದವನ ಹೆಸರು ಹೇಳು. ಓದು ಮುಗಿಸಿ ದೂರದ ಊರಿಗೆ ಹೋದವನೋ, ಸತ್ತವನೋ. ಎರಡು ದಿನ ಹೊಡೆದಾಡುತ್ತಾರೆ, ಆಮೇಲೆ ಕ್ಷಮಿಸಿದೆ ಅನ್ನುತ್ತಾರೆ. ಕ್ಷಮಿಸಿದ ಗಂಡಸು ಬೀಗ ಹಾಕುವುದಿಲ್ಲ.

ಯಾವ ಹೆಸರು ಹೇಳಿದೆ ಅಂತ ಮರೆಯದೆ ನನಗೂ ಬರಿ. ನಾಳೆ ಅವರು ನನ್ನನ್ನು ಕೇಳಿದರೆ ಇಬ್ಬರೂ ಒಂದೇ ಹೇಳಬೇಕಲ್ಲ.

ನಿನ್ನ ದಿದಿ
ದೇವಕಾ